ಬಳೆ ಕೊಟ್ಟ ಸಂಜೆ

ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಗೂಡು ಬೇಯುವ ಬಿಸಿನೀರಿಗೆ ಕೈಯಿಟ್ಟು ಎಳೆ ಹಿಡಿಯುವುದರಲ್ಲಿ ನನ್ನ ತಂಗಿ ನಮ್ಮೆಲ್ಲರಿಗಿಂತ ಚುರುಕು. ಆದರೆ ಆಗ ಅವಳನ್ನು ತಂಗಿ ಎಂದು ಯಾರೂ ಕರೆಯುತ್ತಿರಲಿಲ್ಲ. ಅವಳು ಮನೆಯ ಒಬ್ಬನೇ ಗಂಡುಮಗ. ನಡಿಗೆ ಸರಿಯಿಲ್ಲವೆಂದು ಅಪ್ಪ ಹೊಡೆದರು, ಅಮ್ಮ ತಾಯಿತ ಕಟ್ಟಿಸಿದರು. ಮದುವೆಯಾದರೆ ಎಲ್ಲ ಸರಿಹೋಗುತ್ತದೆಂದು ಹೆಣ್ಣು ಹುಡುಕಿದವಳು ನಾನು.

ಒಂದು ಸಂಜೆ, ಅಟ್ಟದ ಮೇಲೆ ವರ್ಷಗಳಿಂದ ಬಚ್ಚಿಟ್ಟಿದ್ದ ಹಸಿರು ಗಾಜಿನ ಬಳೆಗಳನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಒಂದು ಡಜನ್, ಒಂದೂ ಒಡೆದಿರಲಿಲ್ಲ. "ನೀನೇ ಇಟ್ಕೋ ಅಕ್ಕ, ನಂಗಿನ್ನು ಬೇಡ." ಎರಡು ವಾರದಿಂದ ಸರಿಯಾಗಿ ಉಣ್ಣದಿದ್ದವಳ ಮುಖ ಅಂದು ತಿಳಿಯಾಗಿತ್ತು. ಅಂತೂ ಬುದ್ಧಿ ಬಂತು ಎಂದು ಅಮ್ಮನಿಗೆ ಖುಷಿಯಿಂದ ಹೇಳಿದೆ. ಅದೇ ರಾತ್ರಿ ಅವಳನ್ನು ಆಸ್ಪತ್ರೆಗೆ ಹೊತ್ತೊಯ್ದೆವು.

ಜೀವ ಉಳಿಯಿತು. ಗಂಡಸರ ವಾರ್ಡೋ ಹೆಂಗಸರ ವಾರ್ಡೋ ಎಂದು ಸಿಬ್ಬಂದಿ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಪೊಲೀಸ್ ಕೇಸಾಗುತ್ತದೆಂಬ ಹೆದರಿಕೆ ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಸಾಯಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡಬೇಕು. ಅದು ನಮಗೆ ಆಮೇಲೆ ಗೊತ್ತಾಯಿತು.

ಪ್ರೀತಿಯ ವಸ್ತುಗಳನ್ನು ಕೊಟ್ಟುಬಿಡುವುದು, ನೊಂದವರು ದಿಢೀರನೆ ಶಾಂತರಾಗುವುದು ಎಚ್ಚರಿಕೆಯ ಗುರುತುಗಳು ಎಂದು ವೈದ್ಯೆಯೊಬ್ಬರು ಹೇಳಿದರು. "ನೇರವಾಗಿ ಕೇಳಿ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟೋದಿಲ್ಲ." ಆ ಬಳೆಗಳನ್ನು ಅವಳ ಕೈಗೆ ತೊಡಿಸುತ್ತಾ ಕೇಳಿದೆ: "ಸಾಯ್ಬೇಕು ಅನ್ನಿಸ್ತಿದ್ಯಾ?" "ನಿನ್ನೆ ಅನ್ನಿಸಿತ್ತು," ಅಂದಳು. ಅಂದಿನಿಂದ ಕೇಳುತ್ತಲೇ ಇದ್ದೇನೆ.

ನನ್ನ ತಂಗಿಯಂಥವರೇ ಆದ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರೂ ಎಳೆಯ ವಯಸ್ಸಿನಲ್ಲಿ ಸಾಯಲು ಹೊರಟಿದ್ದನ್ನು ತಾವೇ ಹೇಳಿಕೊಂಡಿದ್ದಾರೆ. ಅವರು ಬದುಕಿದ್ದರಿಂದಲೇ ಜಾನಪದ ಅಕಾಡೆಮಿಗೆ ಅಂಥ ಅಧ್ಯಕ್ಷೆ ಸಿಕ್ಕರು, 2021ರಲ್ಲಿ ಪದ್ಮಶ್ರೀಯೂ ಬಂತು. ತನ್ನ ಲಿಂಗವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ ಒಪ್ಪಿದ್ದು 2014ರಲ್ಲಿ. ನಮ್ಮ ಮನೆ ಒಪ್ಪುವುದಕ್ಕೆ ಒಂದು ಜೀವ ಹೋಗಿಬರಬೇಕಾಯಿತು. ಅವಳನ್ನು ಕಾಡಿದ್ದು ಅವಳ ಹೆಣ್ತನವಲ್ಲ, ನಾವು.

ಅಪ್ಪ ಈಗಲೂ ಹೆಚ್ಚು ಮಾತಾಡುವುದಿಲ್ಲ. ರಾತ್ರಿ ಮಾತ್ರ "ಊಟ ಆಯ್ತೇನಮ್ಮ?" ಅನ್ನುತ್ತಾರೆ. ಆ 'ಅಮ್ಮ' ಕೇಳಲೆಂದೇ ಅವಳು ತಡವಾಗಿ ಉಣ್ಣುತ್ತಾಳೆ.

ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ. ಮಾತು ತೋಚದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲೂ ರಾತ್ರಿ, ದುಡ್ಡಿಲ್ಲದೆ.