ಎದೆಗಿಳಿದ ನೆಗಡಿ

ನಾಲ್ಕು ದಿನದ ನೆಗಡಿಯು ಎದೆಗಿಳಿದು, ಒಣಕೆಮ್ಮು ಕಫದ ಕೆಮ್ಮಾಗಿ, ಮಲಗಿದ ಮಗುವಿನ ಬೆನ್ನಿನ ಮೇಲಿಟ್ಟ ಅಂಗೈಗೇ ಗೊರಗೊರ ಸದ್ದು ತಾಕುವಂತಾದಾಗ, ಶ್ವಾಸನಾಳಗಳ ಉರಿಯೂತವಾದ ಬ್ರಾಂಕೈಟಿಸ್ ಇದಾಗಿರಬಹುದೆಂದು ತಿಳಿಯತಕ್ಕದ್ದು. ಇದು ಬಹುಮಟ್ಟಿಗೆ ವೈರಾಣುಜನ್ಯವಾದುದರಿಂದ, ಹಳೆಯ ಚೀಟಿ ಹಿಡಿದು ಔಷಧದಂಗಡಿಗೆ ಓಡಿ ಆ್ಯಂಟಿಬಯಾಟಿಕ್ ತರುವುದು (ನಮ್ಮಲ್ಲಿ ಇದೊಂದು ಚಟವೇ ಆಗಿದೆ) ನಿಷ್ಪ್ರಯೋಜಕ. ವಿಶ್ರಾಂತಿ, ಬೆಚ್ಚನೆಯ ಗಂಜಿತಿಳಿ, ಹೊಗೆಯಿಲ್ಲದ ಗಾಳಿ, ವರ್ಷ ತುಂಬಿದ ಕೂಸಿಗಾದರೆ ರಾತ್ರಿ ಅರ್ಧ ಚಮಚ ಜೇನು, ಇವುಗಳಿಂದಲೇ ಉಪಶಮನವಾದೀತು. ಕೆಮ್ಮು ಮಾತ್ರ ಎರಡು ಮೂರು ವಾರ ಎಳೆಯುವುದುಂಟು. ಆದರೆ ಮಗು ಶಾಂತವಾಗಿರುವಾಗ ಅಂಗಿಯನ್ನೆತ್ತಿ ಪೂರ್ತಿ ಒಂದು ನಿಮಿಷ ಉಸಿರನ್ನೆಣಿಸಿರಿ: ಎರಡು ತಿಂಗಳೊಳಗಿನ ಶಿಶುವಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ, ಪಕ್ಕೆಯ ಕೆಳಭಾಗ ಒಳಸೇದಿದರೆ, ತುಟಿ ನೀಲಿಗಟ್ಟಿದರೆ, ಹಾಲನ್ನೇ ಒಲ್ಲೆನೆಂದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು.