ಸೂತ್ರವೂ ಪ್ರಯೋಗವೂ

‘ಪ್ರಯೋಗ’ವೆಂಬ ಶಬ್ದವು ಕನ್ನಡದ ವಿದ್ಯಾರ್ಥಿಗೆ ಮೊದಲು ಎದುರಾಗುವುದು ವ್ಯಾಕರಣದ ಪಾಠದಲ್ಲಿ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಸೂತ್ರವನ್ನು ಹೇಳಿ, ವೃತ್ತಿಯಿಂದ ಅದನ್ನು ಬಿಡಿಸಿ, ಬಳಿಕ ಪೂರ್ವಕವಿಗಳ ಪ್ರಯೋಗಗಳನ್ನು ಮುಂದಿಡುತ್ತಾನೆ. ಪ್ರಯೋಗದ ಬೆಂಬಲವಿಲ್ಲದ ಸೂತ್ರಕ್ಕೆ ಬಲವಿಲ್ಲ. ವಿಜ್ಞಾನದ ಪಾಠಕ್ಕೂ ಈ ಮಾತು ಸಲ್ಲುವುದೆಂಬುದಕ್ಕೆ ಶ್ರೀಮಠದ ಶಾಲೆಯ ನಾಲ್ಕನೆಯ ತರಗತಿಯಲ್ಲಿ ನಡೆದ ಒಂದು ವಾರದ ಅಭ್ಯಾಸವು ನಿದರ್ಶನವಾಗಿದೆ.

ಸೋಮವಾರದ ಪಾಠವು ಅಡುಗೆಮನೆಯಿಂದಲೇ ಬಂದಿತು. ಅರಿಸಿನ ಕದಡಿದ ನೀರಿಗೆ ಚಿಟಿಕೆ ಸುಣ್ಣ ಬೀಳುತ್ತಲೇ ಅದು ಕೆಂಪಾಯಿತು. ಆರತಿಯ ತಟ್ಟೆಯಲ್ಲಿ ಕೆಂಪು ನೀರನ್ನು ಕಂಡ ಮಕ್ಕಳಿಗೆ ಇದು ಹೊಸತಲ್ಲ. ಅದೇ ನೀರಿಗೆ ನಿಂಬೆಯ ರಸವನ್ನು ಹಿಂಡಿದೊಡನೆ ಹಳದಿಯು ಮರಳಿ ಬಂದುದು ಹೊಸತು. ಒಲೆಯ ಬೂದಿಯ ತಿಳಿ, ಸಾಬೂನಿನ ನೀರು, ಹುಣಿಸೆಯ ಹುಳಿ ಇವನ್ನೆಲ್ಲ ಪರೀಕ್ಷಿಸಿ, ಕ್ಷಾರವಾವುದು ಆಮ್ಲವಾವುದು ಎಂದು ಮಕ್ಕಳೇ ವಿಂಗಡಿಸಿದರು. ಮಂಗಳವಾರ ದಾಸವಾಳದ ಎಸಳನ್ನು ಕಾಗದಕ್ಕೆ ಉಜ್ಜಿ ಅದೇ ಪರೀಕ್ಷೆಯನ್ನು ಮತ್ತೆ ನಡೆಸಿದ್ದಾಯಿತು.

ಬುಧವಾರದ ಪ್ರಯೋಗವು ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದುದು. ತಟ್ಟೆಯಲ್ಲಿ ನೀರೆರೆದು, ನಡುವೆ ಮೇಣದ ಬತ್ತಿಯನ್ನು ನಿಲ್ಲಿಸಿ ಹೊತ್ತಿಸಿ, ಗಾಜಿನ ಲೋಟವನ್ನು ಬೋರಲು ಹಾಕಿದರೆ ಉರಿಯು ಆರುತ್ತದೆ, ನೀರು ಒಳಗೆ ಏರುತ್ತದೆ. ಗಾಳಿಯಲ್ಲಿ ಆಮ್ಲಜನಕವು ಸುಮಾರು ಐದರಲ್ಲೊಂದು ಪಾಲು; ಅದು ಉರಿದು ತೀರಿದ ಸ್ಥಳವನ್ನು ನೀರು ತುಂಬಿತೆಂಬುದು ರೂಢಿಯ ವಿವರಣೆ. ಗುರುಗಳೂ ಅದನ್ನೇ ಕರಿಹಲಗೆಯ ಮೇಲೆ ಬರೆದರು.

ಆಗ ಒಬ್ಬ ಬಾಲಕಿಯು ಮೂರು ಬತ್ತಿಗಳನ್ನಿಟ್ಟು ನೋಡೋಣವೆಂದಳು. ನೋಡಿದಾಗ ನೀರು ಮೊದಲಿಗಿಂತ ಬಹಳ ಮೇಲೇರಿತು. “ಗುರುಗಳೆ, ಲೋಟ ಅದ ಐತ್ರಿ, ಗಾಳಿನೂ ಅಷ್ಟ ಐತ್ರಿ. ಮತ್ತ ನೀರು ಯಾಕ ಹೆಚ್ಚಿಗಿ ಏರಿತ್ರಿ?”

ಇಂಥ ಪ್ರಶ್ನೆಯನ್ನು ಉದ್ಧಟತನವೆಂದು ಬಗೆದು ಗದರಿಸುವ ಪಂಡಿತರು ಅನೇಕರುಂಟು. ಈ ಗುರುಗಳು ಗದರಿಸಲಿಲ್ಲ. ಉತ್ತರವು ತಮಗೆ ತಿಳಿಯದೆಂದು ತರಗತಿಯ ಎದುರು ಒಪ್ಪಿಕೊಂಡು ಎರಡು ದಿನಗಳ ಅವಧಿಯನ್ನು ಕೇಳಿದರು. ಶೂನ್ಯಸಂಪಾದನೆಯು ಶರಣರ ಸಂವಾದರೂಪದಲ್ಲಿದೆಯೆಂದು ಅಭಿಮಾನದಿಂದ ಹೇಳಿಕೊಳ್ಳುವ ಪರಂಪರೆಯಲ್ಲಿ, ಮಗುವಿನ ಒಂದು ಪ್ರಶ್ನೆಗೆ ಎರಡು ದಿನಗಳು ದೊರೆತುದು ಹೆಚ್ಚೇನೂ ಅಲ್ಲ.

ಗುರುವಾರ ಮಕ್ಕಳು ಅದೇ ಪ್ರಯೋಗವನ್ನು ಕಣ್ಣಿಟ್ಟು ನೋಡಿದರು. ಬತ್ತಿಯು ಉರಿಯುತ್ತಿರುವಾಗ ನೀರು ಹೆಚ್ಚು ಏರದು. ಉರಿ ಆರಿದ ಮೇಲೆಯೇ ತಟ್ಟನೆ ನುಗ್ಗುವುದು. ಲೋಟವನ್ನು ಕವಿಚುವಾಗ ಅಂಚಿನಿಂದ ಒಮ್ಮೊಮ್ಮೆ ಗುಳ್ಳೆಗಳು ಹೊರಡುವುದನ್ನೂ ಕಂಡರು. ಶುಕ್ರವಾರ ಗುರುಗಳು ಬತ್ತಿಯನ್ನೇ ಬಿಟ್ಟರು. ಲೋಟದಲ್ಲಿ ಬಿಸಿನೀರನ್ನು ತುಂಬಿ, ಅದು ಕಾದ ಮೇಲೆ ಚೆಲ್ಲಿ, ಕೂಡಲೇ ತಟ್ಟೆಯ ನೀರಿನಲ್ಲಿ ಬೋರಲಿಟ್ಟರು. ಉರಿಯೇ ಇಲ್ಲದೆ ನೀರು ಮೆಲ್ಲಗೆ ಮೇಲೇರಿತು!

ಕಾರಣವು ಆಗ ಸ್ಪಷ್ಟವಾಯಿತು. ಉರಿಯ ಕಾವಿಗೆ ಗಾಳಿಯು ಹಿಗ್ಗಿ ಕೆಲವಂಶ ಹೊರಬೀಳುತ್ತದೆ. ಉರಿ ಆರಿದೊಡನೆ ಉಳಿದ ಗಾಳಿಯು ತಣಿದು ಕುಗ್ಗುತ್ತದೆ. ಹೊರಗಿನ ವಾಯುವಿನ ಒತ್ತಡವು ನೀರನ್ನು ಒಳಕ್ಕೆ ನೂಕುತ್ತದೆ. ಬತ್ತಿಗಳು ಮೂರಾದರೆ ಕಾವೂ ಹೆಚ್ಚು, ಏರಿಕೆಯೂ ಹೆಚ್ಚು. ವ್ಯಯವಾದ ಆಮ್ಲಜನಕದ ಸ್ಥಳವಾದರೋ ಬರಿದಾಗುವುದಿಲ್ಲ. ಅಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಅದರ ಬಹುಭಾಗವನ್ನು ತುಂಬುತ್ತದೆ. ಐದರಲ್ಲೊಂದು ಪಾಲೆಂಬ ಲೆಕ್ಕವು ಗಾಳಿಯ ವಿಷಯದಲ್ಲಿ ಸರಿ, ನೀರಿನ ಏರಿಕೆಯ ವಿಷಯದಲ್ಲಿ ಸಲ್ಲದು.

ಗಾಜಿನ ಉಪಕರಣಗಳು ಬೀರುವಿನಲ್ಲಿ ಬೀಗಕ್ಕೊಳಗಾಗಿ ಧೂಳು ಹಿಡಿದಿರುವ ಶಾಲೆಗಳು ಕಡಿಮೆಯಿಲ್ಲ. ಈ ವಾರಕ್ಕೆ ತಗುಲಿದುದು ಲೋಟ, ತಟ್ಟೆ, ಮೂರು ಬತ್ತಿ, ಅರಿಸಿನ. ದಾನಿಗಳಾದ ಮಹನೀಯರು ಇದನ್ನು ಗಮನಿಸಿಯಾರು.

ಶನಿವಾರ ಗುರುಗಳು ಬುಧವಾರದ ವಾಕ್ಯವನ್ನು ಕರಿಹಲಗೆಯ ಮೇಲೆ ಮತ್ತೆ ಬರೆದು, ತಾವೇ ಅಡ್ಡಗೆರೆ ಎಳೆದರು. ಮಕ್ಕಳೂ ತಮ್ಮ ನೋಟುಬುಕ್ಕುಗಳಲ್ಲಿ ಹಾಗೆಯೇ ಮಾಡಿದರು. ಉರಿ ಆರಿದ ಮೇಲೂ ಲೋಟದೊಳಗೆ ಆಮ್ಲಜನಕದ ಬಹುಪಾಲು ಉಳಿದಿರುತ್ತದೆಂದು ಗುರುಗಳು ಹೇಳುತ್ತಿರುವಾಗಲೇ ಆ ಬಾಲಕಿಯ ಕೈ ಮತ್ತೆ ಮೇಲೆದ್ದಿತು: ಉಳಿದಿದ್ದರೆ ಉರಿಯು ಆರಿದುದೇಕೆ? ಅಷ್ಟರಲ್ಲಿ ಗಂಟೆಯಾಯಿತು. ಪ್ರಶ್ನೆಯನ್ನು ಕರಿಹಲಗೆಯ ಮೂಲೆಯಲ್ಲಿ ಬರೆದು, ಸೋಮವಾರದವರೆಗೆ ಅಳಿಸಬಾರದೆಂದು ಅಪ್ಪಣೆಯಾಯಿತು.