ಮಗುವಿನ ಹೆಸರಿಗೂ ಕೈಯಿಟ್ಟ ಆಳ್ವಿಕೆ

ಜ್ಞಾನಸ್ನಾನದ ಹೊತ್ತಿನಲ್ಲಿ ಗುರುಗಳು ತಂದೆತಾಯಿಯರಿಂದ ಮೊದಲು ಕೇಳುವುದು ಮಗುವಿನ ಹೆಸರನ್ನು. ಆ ಹೆಸರು ಯುರೋಪಿನದಾಗಿದ್ದರೆ ಗುರುಗಳಿಗೆ ಐದು ವರ್ಷ ಸೆರೆವಾಸ ಎಂದು ಬೆದರಿಸಿದ ಸರಕಾರವೊಂದಿತ್ತು. ಅದು ಆಫ್ರಿಕದ ಜಾಯಿರ್ ದೇಶದ ಮೊಬುಟು ಸರಕಾರ. ಆ ದೇಶ ಇಂದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ.

1960ರ ಜೂನ್ 30ರಂದು ಕಾಂಗೋ ಬೆಲ್ಜಿಯಂನಿಂದ ಸ್ವತಂತ್ರವಾಯಿತು. ಒಳಜಗಳಗಳಿಂದ ನಾಡು ಬಸವಳಿದಿದ್ದಾಗ, 1965ರ ನವೆಂಬರ್‌ನಲ್ಲಿ ಸೇನಾಧಿಪತಿ ಮೊಬುಟು ಅಧಿಕಾರ ಹಿಡಿದ. ಆತನೂ ಕಥೋಲಿಕ ಮಿಷನ್ ಶಾಲೆಯಲ್ಲಿ ಓದಿದವನೇ. ಜೋಸೆಫ್ ಎಂಬ ಹೆಸರು ಹೊತ್ತವನೇ.

ಪರಕೀಯರ ಗುರುತುಗಳನ್ನು ಅಳಿಸಿ ಆಫ್ರಿಕದ ತನವನ್ನು ಮರಳಿ ಪಡೆಯೋಣ ಎಂದು ಆತ ಕರೆಕೊಟ್ಟ. ಮಾತೇನೋ ಹಿತವಾಗಿತ್ತು. ಆದರೆ ಕೊರಳಿನ ಟೈ ಹೋಯಿತು. 1972ರಲ್ಲಿ ಕ್ರೈಸ್ತ ಹೆಸರುಗಳು ಹೋದವು. 1974ರಲ್ಲಿ ಕ್ರಿಸ್‌ಮಸ್ ರಜೆ ಹೋಯಿತು. ಧರ್ಮಸಭೆಯ ಶಾಲೆಗಳು ಸರಕಾರದ ವಶವಾದವು. ಧರ್ಮೋಪದೇಶದ ಜಾಗಕ್ಕೆ ಮೊಬುಟುವಿನ ವಿಚಾರಗಳು ಬಂದವು. ದೂರದರ್ಶನದ ವಾರ್ತೆಯ ಆರಂಭದಲ್ಲಿ ಮೋಡಗಳ ನಡುವಿನಿಂದ ಆತನ ಮುಖವೇ ಇಳಿದುಬರುತ್ತಿತ್ತು!

ಕಿನ್ಶಾಸದ ಮಹಾಧರ್ಮಾಧ್ಯಕ್ಷರಾದ ಕಾರ್ಡಿನಲ್ ಮಲುಲ ಇದನ್ನು ಎದುರಿಸಿದರು. ಅವರು ಆಫ್ರಿಕದ ಸಂಸ್ಕೃತಿಯ ವಿರೋಧಿಗಳಲ್ಲ. ಬಲಿಪೂಜೆಯಲ್ಲಿ ತಮ್ಮ ಜನರ ಹಾಡು, ತಾಳ, ಭಾಷೆಗಳಿಗೆ ಸ್ಥಾನ ಸಿಗಲೆಂದು ದುಡಿದವರು. ಆ ಶ್ರಮದ ಫಲವಾದ ಜಾಯಿರ್ ಪೂಜಾವಿಧಿಗೆ 1988ರಲ್ಲಿ ರೋಮ್ ಒಪ್ಪಿಗೆ ನೀಡಿತು. ಪ್ರೀತಿಯಿಂದ ಬೆಳೆಸುವ ಸಂಸ್ಕೃತಿಯೇ ಬೇರೆ, ಸೆರೆಮನೆ ತೋರಿಸಿ ಹೇರುವುದೇ ಬೇರೆ. 1972ರಲ್ಲಿ ಸರಕಾರ ಅವರ ನಿವಾಸವನ್ನು ಕಸಿದುಕೊಂಡಿತು; ಅವರು ಕೆಲವು ತಿಂಗಳು ರೋಮಿನಲ್ಲಿ ಕಳೆಯಬೇಕಾಯಿತು.

ಇತ್ತ ಮೊಬುಟು ಕಾಡಿನ ನಡುವಿನ ಗ್ಬಾಡೊಲಿಟೆಯಲ್ಲಿ ಅರಮನೆಗಳನ್ನೂ, ಕಾಂಕಾರ್ಡ್ ವಿಮಾನ ಇಳಿಯುವಂಥ ನಿಲ್ದಾಣವನ್ನೂ ಕಟ್ಟಿಸಿಕೊಂಡ. ವಶಪಡಿಸಿಕೊಂಡ ಶಾಲೆಗಳನ್ನು ನಡೆಸಲಾಗದೆ, ಕೆಲವೇ ವರ್ಷಗಳಲ್ಲಿ ಸರಕಾರ ಅವುಗಳ ಆಡಳಿತವನ್ನು ಧರ್ಮಸಭೆಗೇ ಮರಳಿಸಿತು.

ಜನರು ಮಾತ್ರ ಮರೆಯಲಿಲ್ಲ. ದೇಶದ ಭವಿಷ್ಯ ನಿರ್ಧರಿಸಲು ಕೂಡಿದ್ದ ರಾಷ್ಟ್ರೀಯ ಸಮ್ಮೇಳನವನ್ನು ಸರಕಾರ ನಿಲ್ಲಿಸಿದಾಗ, 1992ರ ಫೆಬ್ರವರಿ 16ರ ಭಾನುವಾರ ಕಿನ್ಶಾಸದ ಕ್ರೈಸ್ತರು ನಿರಾಯುಧರಾಗಿ ಬೀದಿಗಿಳಿದರು. ಸೈನಿಕರು ಗುಂಡು ಹಾರಿಸಿದರು, ಹಲವರು ಪ್ರಾಣತೆತ್ತರು. ಅದೇ ವರ್ಷ ಏಪ್ರಿಲ್‌ನಲ್ಲಿ ಸಮ್ಮೇಳನ ಮತ್ತೆ ಸೇರಿತು. ಅದರ ಅಧ್ಯಕ್ಷತೆ ವಹಿಸಿದ್ದವರು ಮಹಾಧರ್ಮಾಧ್ಯಕ್ಷ ಮೊನ್ಸೆಂಗ್ವೊ. 1997ರ ಮೇ ತಿಂಗಳಲ್ಲಿ ಮೊಬುಟು ದೇಶಬಿಟ್ಟು ಓಡಿದ. ಸೆಪ್ಟೆಂಬರ್ 7ರಂದು ಮೊರಾಕ್ಕೊದಲ್ಲಿ ತೀರಿಕೊಂಡ.

ಪ್ರಿಯ ಓದುಗರೇ, ಸರ್ವಾಧಿಕಾರಿ ಒಂದೇ ದಿನದಲ್ಲಿ ಎಲ್ಲವನ್ನೂ ಕೇಳುವುದಿಲ್ಲ. ಇಂದು ಉಡುಪು, ನಾಳೆ ಹೆಸರು, ನಾಡಿದ್ದು ಮಕ್ಕಳ ಮನಸ್ಸು. ತೆರಿಗೆಯನ್ನೂ ಕಾನೂನುಪಾಲನೆಯನ್ನೂ ಕೇಳುವ ಹಕ್ಕು ಸರಕಾರಕ್ಕುಂಟು. ಮನಸ್ಸಾಕ್ಷಿ ಮಾತ್ರ ದೇವರ ಸೊತ್ತು. ಇನ್ನೊಂದು ಪಾಠವೂ ಇದೆ: ಮಿಷನ್ ಶಾಲೆಯಲ್ಲಿ ಓದಿದ ಮಾತ್ರಕ್ಕೆ ಯಾರೂ ನ್ಯಾಯವಂತರಾಗುವುದಿಲ್ಲ. ಅಧಿಕಾರವೆಂದರೆ ಸೇವೆ ಎಂಬುದನ್ನು ಮಕ್ಕಳು ಮೊದಲು ಕಲಿಯುವುದು ಮನೆಯಲ್ಲಿ.

ಕುಟುಂಬದಲ್ಲಿ ಚರ್ಚಿಸಲು:

1. ನಮ್ಮ ಮನೆಯಲ್ಲಿ ಹಿರಿಯರ ಮಾತನ್ನು ಕಿರಿಯರು ಪಾಲಿಸುವುದು ಭಯದಿಂದಲೋ, ಗೌರವದಿಂದಲೋ?

2. ನಮ್ಮ ಮಕ್ಕಳಿಗೆ ಅವರ ಹೆಸರಿನ ಅರ್ಥ, ಹಿನ್ನೆಲೆ ತಿಳಿದಿದೆಯೇ?

3. ಇನ್ನೊಬ್ಬರ ಧರ್ಮ, ಹೆಸರು, ಹಬ್ಬಕ್ಕೆ ಕುತ್ತು ಬಂದಾಗಲೂ ನಾವು ಬಾಯಿ ತೆರೆಯುತ್ತೇವೆಯೇ?